ಎರಡು ಬೆಳಕಿನ ಕಿಟ್: ಎಂಟು ತಿಂಗಳು ಬಳಸಿದ ಮೇಲೆ

ಪಾರ್ಸೆಲ್ ಬಂದದ್ದು ಶನಿವಾರ ಮಧ್ಯಾಹ್ನ. ಪರ್ಚೇಸ್ ಸೆಕ್ಷನ್ನಿನವರು ಅಷ್ಟರಲ್ಲಿ ಬೀಗ ಹಾಕಿಕೊಂಡು ಹೋಗಿದ್ದರು. ಗೇಟಿನ ಸೆಕ್ಯೂರಿಟಿ ಅಣ್ಣ ಫೋನ್ ಮಾಡಿ, "ಮೇಡಂ, ನಿಮ್ಮ ಐಸ್‌ಕ್ರೀಮ್ ಬಂದಿದೆ, ಇಲ್ಲೇ ಇಟ್ಟಿದೀನಿ" ಅಂದರು. ಥರ್ಮಾಕೋಲ್ ಡಬ್ಬ ಕಂಡರೆ ಅವರಿಗೆ ಒಳಗಿರುವುದೆಲ್ಲ ಐಸ್‌ಕ್ರೀಮೇ. ಮೆಸ್ಸಿನಲ್ಲಿ ಅರ್ಧ ತಟ್ಟೆ ಬಿಟ್ಟು ಓಡಿದೆ. ಟೇಪ್ ಕಿತ್ತು ಮುಚ್ಚಳ ತೆಗೆದರೆ ಡ್ರೈ ಐಸ್ ಒಂದು ಚೂರೂ ಉಳಿದಿಲ್ಲ, ಖಾಲಿ ಚೀಲ ಮಾತ್ರ. ಡಬ್ಬದೊಳಗೆ ಕೈ ಇಟ್ಟರೆ ನಮ್ಮ ಹಾಸ್ಟೆಲ್ಲಿನ ಗೋದ್ರೆಜ್ ಫ್ರಿಜ್ಜಿನಷ್ಟೂ ತಣ್ಣಗಿಲ್ಲ. ಮೈನಸ್ 20ರಲ್ಲಿ ಇರಬೇಕಾದ ಸಾಮಾನು ಇದು. ಡಿಸ್ಟ್ರಿಬ್ಯೂಟರ್‌ಗೆ ಫೋನ್ ಹಚ್ಚಿದರೆ, "ಪೌಡರ್ ತಾನೇ ಮೇಡಂ, ಏನೂ ಆಗಲ್ಲ" ಅಂತ ಸಮಾಧಾನ. ಏನೂ ಆಗಿರಲಿಲ್ಲ, ನಿಜ. ಆದರೆ ಆಗಿಲ್ಲ ಎಂದು ತಿಳಿಯಲು ನನಗೆ ಹನ್ನೆರಡು ಬಾವಿಯಷ್ಟು (ಬಾವಿ ಎಂದರೆ ನಮ್ಮ ಪ್ಲಾಸ್ಟಿಕ್ ಪ್ಲೇಟಿನ ಪುಟ್ಟ ಗುಳಿ, ಒಂದು ಗುಳಿಗೆ ಒಂದು ಪರೀಕ್ಷೆ) ಕಿಟ್ ಖರ್ಚಾಯಿತು. ಆ ಹನ್ನೆರಡರ ದುಡ್ಡು ಯಾರು ಕೊಡುತ್ತಾರೆ?

ಇದು ಡ್ಯುಯಲ್ ಲೂಸಿಫರೇಸ್ ಕಿಟ್ಟಿನ, ಅಂದರೆ ಜೀನಿನ ಚುರುಕನ್ನು ಬೆಳಕಿನಲ್ಲಿ ಅಳೆಯುವ ಸಾಮಾನಿನ ವಿಮರ್ಶೆ. ಕಂಪನಿಯ ಹೆಸರು ಬರೆಯುವುದಿಲ್ಲ. ಕ್ಯಾಟಲಾಗು ತೆರೆದರೆ ಇಂಥವು ನಾಲ್ಕಾರು ಸಿಗುತ್ತವೆ, ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ, ನಾನು ಹೇಳಬೇಕಾದ ಮುಖ್ಯ ಮಾತು ಎಲ್ಲಕ್ಕೂ ಸಲ್ಲುತ್ತದೆ. ಎಂಟು ತಿಂಗಳಲ್ಲಿ ಮೂರು ಡಬ್ಬ ಮುಗಿಸಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಕಿಟ್ಟಿನದೋ ನನ್ನದೋ ಎಂದು ಇನ್ನೂ ಜಗಳ ನಡೆಯುತ್ತಿದೆ, ನನ್ನೊಳಗೇ.

ಮೊದಲು ಇದನ್ನು ಯಾತಕ್ಕೆ ಕೊಂಡೆ ಎಂದು ಹೇಳಬೇಕು, ಇಲ್ಲದಿದ್ದರೆ ಮುಂದಿನ ಗೋಳು ಅರ್ಥವಾಗುವುದಿಲ್ಲ.

ನಾನು ನೋಡುವುದು ಇಲಿಯ ವೃಷಣದ ಎರಡು ಬಗೆಯ ಕೋಶಗಳನ್ನು. ಲೇಡಿಗ್ ಕೋಶ ಟೆಸ್ಟೋಸ್ಟೆರಾನ್ ತಯಾರಿಸುತ್ತದೆ. ಸರ್ಟೋಲಿ ಕೋಶ ವೀರ್ಯಾಣು ಬೆಳೆಯುವಾಗ ಅದಕ್ಕೆ ಬಾಣಂತನ ಮಾಡುತ್ತದೆ. ಇವೆರಡೂ ಅಕ್ಕಪಕ್ಕದ ಕೋಶಗಳ ಜೊತೆ ಗ್ಯಾಪ್ ಜಂಕ್ಷನ್ ಎಂಬ ಕಿಂಡಿಗಳ ಮೂಲಕ ಕೊಡುಕೊಳ್ಳುವಿಕೆ ಇಟ್ಟುಕೊಂಡಿರುತ್ತವೆ. ಊರಿನಲ್ಲಿ ಅಮ್ಮನಿಗೆ ವಿವರಿಸುವಾಗ ವಠಾರದ ಮನೆ ಎಂದು ಹೇಳಿದೆ: ನಡುಗೋಡೆಯಲ್ಲಿ ಒಂದು ಕಿಂಡಿ, ಅದರಲ್ಲಿ ಸಕ್ಕರೆ ಬಟ್ಟಲು ದಾಟುತ್ತದೆ, ಬೀರು ದಾಟುವುದಿಲ್ಲ. ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ. ಕೋಶದ ಲೆಕ್ಕದಲ್ಲಿ ಆ ಕಿಂಡಿ ದಾಟಬಲ್ಲ ತೂಕ ಸುಮಾರು 1000 ಡಾಲ್ಟನ್. ಕ್ಯಾಲ್ಸಿಯಂ ದಾಟುತ್ತದೆ, ಸೈಕ್ಲಿಕ್ ಎಎಂಪಿ ಎಂಬ ಸಂದೇಶ ಒಯ್ಯುವ ಸಣ್ಣ ಅಣು ದಾಟುತ್ತದೆ, ಪ್ರೋಟೀನು ದಾಟುವುದಿಲ್ಲ. ಒಂದು ಕೋಶದ ಕಡೆಯಿಂದ ಆರು ಕನೆಕ್ಸಿನ್ ಪ್ರೋಟೀನು ಸುತ್ತಲೂ ನಿಂತು ಅರ್ಧ ಕೊಳವೆಯಾಗುತ್ತವೆ, ಪಕ್ಕದ ಕೋಶದ ಅರ್ಧ ಕೊಳವೆ ಬಂದು ಅದಕ್ಕೆ ಬಾಯಿಗೆ ಬಾಯಿ ಕೂರುತ್ತದೆ. ಮನುಷ್ಯರಲ್ಲಿ ಕನೆಕ್ಸಿನ್ ಜೀನುಗಳು 21, ಇಲಿಯಲ್ಲಿ 20. ವೃಷಣದಲ್ಲಿ ಯಜಮಾನಿಕೆ ಕನೆಕ್ಸಿನ್ 43ರದು. ಜೀನಿನ ಹೆಸರು ಜಿಜೆಎ1. 43 ಎಂದರೆ ಅದರ ತೂಕ, ಕಿಲೋಡಾಲ್ಟನ್ನಿನಲ್ಲಿ.

ಇದು ಇಲ್ಲದಿದ್ದರೆ ಏನಾಗುತ್ತದೆ ಎಂದು ನೋಡಲು 1995ರಲ್ಲೇ ಈ ಜೀನ್ ತೆಗೆದ ಇಲಿ ಮಾಡಿದರು. ಮರಿಗಳು ಹುಟ್ಟಿದ ಕೂಡಲೇ ಸತ್ತವು, ಹೃದಯದಿಂದ ರಕ್ತ ಹೊರಹೋಗುವ ದಾರಿಯೇ ಕಟ್ಟಿಕೊಂಡಿತ್ತು. ವೃಷಣ ದೊಡ್ಡದಾಗುವುದನ್ನು ನೋಡೋಣವೆಂದರೆ ಮರಿಯೇ ಉಳಿಯಲಿಲ್ಲ. 2007ರ ಹೊತ್ತಿಗೆ ಸರ್ಟೋಲಿ ಕೋಶದಲ್ಲಿ ಮಾತ್ರ ಅದನ್ನು ತೆಗೆದ ಇಲಿಗಳು ಬಂದವು. ಅವು ಬದುಕಿದವು, ತಿಂದುಂಡು ಓಡಾಡಿದವು, ಆದರೆ ಗಂಡು ಇಲಿಗಳಲ್ಲಿ ವೀರ್ಯಾಣು ಬೆಳವಣಿಗೆ ಆರಂಭದಲ್ಲೇ ನಿಂತಿತು. ಒಂದು ಕಿಂಡಿ ಮುಚ್ಚಿದ್ದಕ್ಕೆ ವಂಶವೇ ನಿಂತ ಹಾಗೆ.

ಹಾಗಾದರೆ ಈ ಜೀನನ್ನು ಯಾರು ಏರಿಸುತ್ತಾರೆ, ಯಾರು ಇಳಿಸುತ್ತಾರೆ? ಜೀನಿನ ಮುಂದೆ ಪ್ರಮೋಟರ್ ಎಂಬ ಡಿಎನ್‌ಎ ತುಂಡು ಇರುತ್ತದೆ. ಅದರ ಮೇಲೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರುಗಳು ಎಂಬ ಪ್ರೋಟೀನುಗಳು ಬಂದು ಕೂರುತ್ತವೆ. ಯಾರು ಕೂತರು ಎನ್ನುವುದರ ಮೇಲೆ ಜೀನು ಎಷ್ಟು ಓದಿಸಿಕೊಳ್ಳುತ್ತದೆ ಎನ್ನುವುದು ನಿಂತಿದೆ. ನನ್ನ ಪಾಲಿಗೆ ಬಂದದ್ದು ಎಪಿ-1 ಕುಟುಂಬ, ಅದರಲ್ಲೂ ಸಿ-ಜುನ್ ಮತ್ತು ಸಿ-ಫಾಸ್. ಜುನ್ ಎಂದರೆ ಜೂನ್ ತಿಂಗಳಲ್ಲ. ಜಪಾನಿ ಭಾಷೆಯಲ್ಲಿ ಹದಿನೇಳಕ್ಕೆ ಜು-ನಾನಾ ಎನ್ನುತ್ತಾರಂತೆ, ಇದು ಮೊದಲು ಸಿಕ್ಕ ಕೋಳಿ ವೈರಸ್ಸಿನ ಹೆಸರಿನಲ್ಲಿ 17 ಇತ್ತು. ಸಿ-ಜುನ್ ಇನ್ನೊಂದು ಸಿ-ಜುನ್ ಜೊತೆಗಾದರೂ ಜೋಡಿಯಾಗಿ ಡಿಎನ್‌ಎ ಹಿಡಿದೀತು. ಸಿ-ಫಾಸ್‌ಗೆ ಆ ಭಾಗ್ಯವಿಲ್ಲ, ತನ್ನಂಥದೇ ಇನ್ನೊಂದರ ಜೊತೆ ಅದು ನಿಲ್ಲಲಾರದು, ಜುನ್ ಕುಟುಂಬದ ಒಬ್ಬರು ಕೈ ಹಿಡಿಯಲೇಬೇಕು. ಜೋಡಿ ಹುಡುಕುವ ವಿಳಾಸ ಏಳಕ್ಷರದ್ದು: ಟಿ ಜಿ ಎ ಸಿ ಟಿ ಸಿ ಎ. ಎದುರಿನ ಎಳೆಯನ್ನು ಆ ಕಡೆಯಿಂದ ಓದಿದರೆ ನಡುವಿನ ಒಂದಕ್ಷರ ಬಿಟ್ಟು ಉಳಿದದ್ದೆಲ್ಲ ಇದೇ ಬರುತ್ತದೆ. ಮೊದಲ ವರ್ಷ ಇದನ್ನು ನೋಟ್‌ಬುಕ್ಕಿನಲ್ಲಿ ಕಂಡುಕೊಂಡ ದಿನ ನನಗೆ ವಿಪರೀತ ಖುಷಿಯಾಗಿತ್ತು.

ಸಿ-ಜುನ್, ಸಿ-ಫಾಸ್ ಎರಡೂ ಸೇರಿ ಲೇಡಿಗ್ ಮತ್ತು ಸರ್ಟೋಲಿ ಕೋಶಗಳಲ್ಲಿ ಜಿಜೆಎ1 ಜೀನನ್ನು ಏರಿಸುತ್ತವೆ ಎಂದು ಕೆನಡಾದ ಮಾಂಕ್ಟನ್ ವಿಶ್ವವಿದ್ಯಾಲಯದವರು 2017ರಲ್ಲಿ ತೋರಿಸಿದ್ದಾರೆ. ಅವರು ಬಳಸಿದ ಕೋಶಗಳೇ ನಮ್ಮಲ್ಲೂ ಇವೆ: ಲೇಡಿಗ್‌ಗೆ ಟಿಎಂ3, ಸರ್ಟೋಲಿಗೆ ಟಿಎಂ4. ಎರಡೂ 1980ರಲ್ಲಿ ಇಲಿಯ ವೃಷಣದಿಂದ ಬೇರ್ಪಡಿಸಿ ಲ್ಯಾಬಿನಲ್ಲಿ ಬೆಳೆಸುತ್ತಾ ಬಂದ ವಂಶ (ಸೆಲ್ ಲೈನ್), ನನಗಿಂತ ವಯಸ್ಸಿನಲ್ಲಿ ಹಿರಿಯವು. ಅವುಗಳ ಊಟ ಸ್ವಲ್ಪ ರಾಜವೈಭೋಗದ್ದು, ಮೀಡಿಯಂನಲ್ಲಿ 5% ಕುದುರೆಯ ಸೀರಮ್, 2.5% ಹಸುವಿನ ಭ್ರೂಣದ ಸೀರಮ್. ನಮ್ಮ ಗೈಡ್ ಮೇಡಂ ಹೇಳಿದ್ದು ಇಷ್ಟೇ: "ಮೊದಲು ಅವರದ್ದು ನಮ್ಮ ಕೈಯಲ್ಲಿ ಬರುತ್ತಾ ನೋಡಮ್ಮ, ಆಮೇಲೆ ನಿನ್ನ ಹೊಸ ಐಡಿಯಾ."

ಕಿಟ್ ಬರುವುದು ಇಲ್ಲಿ. ಜಿಜೆಎ1 ಪ್ರಮೋಟರನ್ನು ಕತ್ತರಿಸಿ ಮಿಣುಕುಹುಳದ ಲೂಸಿಫರೇಸ್ ಎಂಬ, ಬೆಳಕು ಹುಟ್ಟಿಸುವ ಪ್ರೋಟೀನಿನ ಜೀನಿನ ಮುಂದೆ ಅಂಟಿಸುತ್ತೇವೆ. ಕೋಶದೊಳಗೆ ಪ್ರಮೋಟರ್ ಎಷ್ಟು ಚುರುಕಾಗಿರುತ್ತದೋ ಅಷ್ಟು ಲೂಸಿಫರೇಸ್ ತಯಾರಾಗುತ್ತದೆ, ಲೂಸಿಫೆರಿನ್ ಎಂಬ ಪುಡಿ ಕೊಟ್ಟರೆ ಅಷ್ಟು ಬೆಳಕು. ಈ ಜೀನು ಫೋಟಿನಸ್ ಪೈರಾಲಿಸ್ ಎಂಬ ಉತ್ತರ ಅಮೆರಿಕದ ಮಿಣುಕುಹುಳದ್ದು, ತೀರ್ಥಹಳ್ಳಿಯ ನಮ್ಮ ತೋಟದ್ದಲ್ಲ. ಮಳೆಗಾಲಕ್ಕೆ ಮುಂಚೆ ನಮ್ಮಲ್ಲಿ ಮರಕ್ಕೆ ಮರವೇ ಮಿನುಗುತ್ತದೆ, ಅಮ್ಮ ಅದನ್ನು ನೆನೆದುಕೊಂಡು "ನಿಮ್ಮ ಲ್ಯಾಬಲ್ಲಿ ಹೊಳೆಯೋದನ್ನ ವಿಡಿಯೋ ಕಾಲಲ್ಲಿ ತೋರಿಸೇ" ಅಂದರು. ತೋರಿಸಲು ಏನೂ ಇಲ್ಲಮ್ಮ. ನಮ್ಮ ಬಾವಿಗಳಲ್ಲಿ ಹುಟ್ಟುವ ಬೆಳಕು ಕಣ್ಣಿಗೆ ಕಾಣುವಷ್ಟಿಲ್ಲ, ಕಪ್ಪು ಪೆಟ್ಟಿಗೆಯೊಳಗೆ ಯಂತ್ರ ನೋಡಿ ಹೊರಗೆ ಅಂಕಿ ಬರೆಯುತ್ತದೆ. ಮಿಣುಕುಹುಳ ಹೋಗಿ ಎಕ್ಸೆಲ್ ಶೀಟಾದ ಕಥೆ.

ಹೆಸರಿನಲ್ಲಿರುವ 'ಡ್ಯುಯಲ್' ಎಂದರೆ ಎರಡನೇ ಬೆಳಕು. ಒಂದು ಬಾವಿಯಲ್ಲಿ ಕೋಶ ಹೆಚ್ಚಿರಬಹುದು, ಇನ್ನೊಂದರಲ್ಲಿ ಕಮ್ಮಿ. ಒಂದಕ್ಕೆ ಪ್ಲಾಸ್ಮಿಡ್, ಅಂದರೆ ಆ ಜೀನನ್ನು ಹೊತ್ತು ಕೋಶದೊಳಗೆ ಹೋಗುವ ಡಿಎನ್‌ಎ ಉಂಗುರ, ಚೆನ್ನಾಗಿ ಹೊಕ್ಕಿರುತ್ತದೆ, ಇನ್ನೊಂದಕ್ಕೆ ಇಲ್ಲ. ಅದನ್ನು ಸರಿದೂಗಿಸಲು ಪ್ರತಿ ಬಾವಿಗೂ ಇನ್ನೊಂದು ಪ್ಲಾಸ್ಮಿಡ್ ಹಾಕುತ್ತೇವೆ. ಅದರಲ್ಲಿರುವುದು ರೆನಿಲ್ಲಾ ಎಂಬ ಸಮುದ್ರಜೀವಿಯ ಲೂಸಿಫರೇಸ್. ಹುಳದ ಬೆಳಕು ಹಳದಿ ಹಸಿರು, ಸುಮಾರು 560 ನ್ಯಾನೋಮೀಟರ್. ರೆನಿಲ್ಲಾದ್ದು ನೀಲಿ, ಸುಮಾರು 480. ಎರಡಕ್ಕೂ ಬೇಕಾದ ಪುಡಿ ಬೇರೆ ಬೇರೆ. ಮೊದಲ ದ್ರಾವಣ ಹಾಕಿದರೆ ಹುಳದ ಬೆಳಕು. ಎರಡನೆಯದು ಹಾಕಿದರೆ ಹುಳದ್ದು ಆರಿ ರೆನಿಲ್ಲಾ ಹೊತ್ತಿಕೊಳ್ಳುತ್ತದೆ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿದರೆ ಉತ್ತರ. ರೆನಿಲ್ಲಾ ತಕ್ಕಡಿಯ ಬಟ್ಟು ಇದ್ದ ಹಾಗೆ. ಬಟ್ಟು ಅಲುಗಬಾರದು. ಇದನ್ನು ನೆನಪಿಟ್ಟುಕೊಳ್ಳಿ.

ಈಗ ಡಬ್ಬದೊಳಗಿನ ಸಾಮಾನು. ಕೋಶ ಒಡೆಯುವ ಬಫರ್, ಲೂಸಿಫೆರಿನ್ ಪುಡಿ ಮತ್ತು ಅದನ್ನು ಕರಗಿಸುವ ಬಫರ್, ರೆನಿಲ್ಲಾದ ದ್ರಾವಣ. ಬಫರ್ ನಿಜಕ್ಕೂ ಚೆನ್ನಾಗಿದೆ. ಮೀಡಿಯಂ ತೆಗೆದು, ಪಿಬಿಎಸ್ ಎಂಬ ಉಪ್ಪುನೀರಿನಲ್ಲಿ ಒಮ್ಮೆ ತೊಳೆದು, 24 ಬಾವಿಯ ಪ್ಲೇಟಿಗೆ ಬಾವಿಗೆ 100 ಮೈಕ್ರೋಲೀಟರ್ ಹಾಕಿ ರಾಕರ್ ಎಂಬ ತೂಗುವ ಯಂತ್ರದ ಮೇಲೆ ಹದಿನೈದು ನಿಮಿಷ ಬಿಟ್ಟರೆ ಸಾಕು. ಉಜ್ಜುವುದು, ಕೆರೆಯುವುದು, ಫ್ರೀಜ್ ಮಾಡಿ ಕರಗಿಸುವುದು ಯಾವುದೂ ಬೇಡ. ಟಿಎಂ4 ಕೋಶ ಗಟ್ಟಿಯಾಗಿ ಕಚ್ಚಿಕೊಂಡು ಕೂತರೂ ಹದಿನೈದು ನಿಮಿಷಕ್ಕೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನೆರಳು ಮಾತ್ರ.

ಆಮೇಲೆ ಅದರಿಂದ 20 ಮೈಕ್ರೋಲೀಟರ್ ತೆಗೆದು ಬಿಳಿ ಪ್ಲೇಟಿಗೆ. ಪಾರದರ್ಶಕ ಪ್ಲೇಟು ಬೇಡವೇ ಬೇಡ, ಪಕ್ಕದ ಬಾವಿಯ ಬೆಳಕು ಗೋಡೆ ದಾಟಿ ಬರುತ್ತದೆ. ನಾನು ಉಳಿತಾಯ ಮಾಡಲು ಹೋಗಿ ಒಂದು ಸಲ ಪಾರದರ್ಶಕದಲ್ಲಿ ಓದಿದೆ, ಏನೂ ಹಾಕದ ಖಾಲಿ ಬಾವಿ ಕೂಡ ಉತ್ಸಾಹದಿಂದ ಹೊಳೆಯುತ್ತಿತ್ತು. 100 ಮೈಕ್ರೋಲೀಟರ್ ಮೊದಲ ದ್ರಾವಣ, ಎರಡು ಸೆಕೆಂಡು ಕಾಯುವುದು, ಹತ್ತು ಸೆಕೆಂಡು ಓದುವುದು. ಮತ್ತೆ 100 ಎರಡನೆಯದು, ಮತ್ತೆ ಎರಡು, ಮತ್ತೆ ಹತ್ತು. ಯಂತ್ರ ಟಿಕ್ ಎನ್ನುತ್ತದೆ, ಮುಂದಿನ ಬಾವಿ. 96 ಬಾವಿ ಮುಗಿಯುವ ಹೊತ್ತಿಗೆ ಒಂದು ಲೋಟ ಕಾಫಿ ತಣ್ಣಗಾಗಿರುತ್ತದೆ.

ದ್ರಾವಣಗಳನ್ನು ರೂಮಿನ ಉಷ್ಣತೆಗೆ ಪೂರ್ತಿ ಬರಲು ಬಿಡಿ. ಮೇ ತಿಂಗಳಲ್ಲಿ ಇದು ಬೇಗ ಆಗುತ್ತದೆ. ಡಿಸೆಂಬರಿನ ಬೆಳಗ್ಗೆ ಎಸಿ ಹಾಕಿದ ಯಂತ್ರದ ಕೋಣೆಯಲ್ಲಿ ಅರ್ಧ ಗಂಟೆಯಾದರೂ ಟ್ಯೂಬ್ ಮುಟ್ಟಿದರೆ ಚಳಿ. ಲೂಸಿಫರೇಸ್ ಉಷ್ಣತೆಗೆ ತೀರಾ ಸೂಕ್ಷ್ಮ, ಪ್ಲೇಟಿನ ಮೊದಲ ಸಾಲು ತಣ್ಣಗಿನ ದ್ರಾವಣದಲ್ಲಿ, ಕೊನೆಯ ಸಾಲು ಬೆಚ್ಚಗಾದ ದ್ರಾವಣದಲ್ಲಿ ಓದಿದರೆ ನಿಮ್ಮ ಜೀನು ಎ ಸಾಲಿನಿಂದ ಎಚ್ ಸಾಲಿಗೆ ಚೆಂದವಾಗಿ ಏರುತ್ತಾ ಹೋಗುತ್ತದೆ. ಕರಗಿಸಿದ ಲೂಸಿಫೆರಿನ್ ಮೈನಸ್ 20ರಲ್ಲಿ ತಿಂಗಳು, ಮೈನಸ್ 80ರಲ್ಲಿ ವರ್ಷ ಬಾಳುತ್ತದೆ. ನಾನು ಒಂದೊಂದು ದಿನಕ್ಕೆ ಬೇಕಾದಷ್ಟೇ ಸಣ್ಣ ಟ್ಯೂಬಿಗೆ ಹಂಚಿ ಮೈನಸ್ 80ರಲ್ಲಿಡುತ್ತೇನೆ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವ ಬುದ್ಧಿ ಬೇಡ.

ಬೆಲೆಯ ವಿಷಯ. ನಮ್ಮ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಈಗ ತಿಂಗಳಿಗೆ 37,000 ರೂಪಾಯಿ. ಒಂದು ಡಬ್ಬಕ್ಕೆ ಅದು ಸಾಲದು. ಡಬ್ಬದ ಮೇಲೆ 100 ಎಂದಿದ್ದರೂ 100 ಬಾವಿ ಓದಲು ಸಿಗುವುದಿಲ್ಲ. ಯಂತ್ರದ ಇಂಜೆಕ್ಟರ್ ಕೊಳವೆ ತುಂಬಿಸಲೇ ಪ್ರತಿ ಸಲ ಹತ್ತಿರ ಹತ್ತಿರ ಒಂದು ಮಿಲಿಲೀಟರ್ ಬೇಕು, ಅಂದರೆ ಹತ್ತು ಬಾವಿ ಹೊಟ್ಟೆಗೆ ಹೋಯಿತು. ಕೊನೆಗೆ ಅದನ್ನು ಹಿಂದಕ್ಕೆ ಟ್ಯೂಬಿಗೆ ಬಿಡಿಸಿಕೊಳ್ಳಬಹುದು. ನಾನು ಬಿಡಿಸಿಕೊಳ್ಳುತ್ತೇನೆ, ನಾಚಿಕೆಯಿಲ್ಲ. ಇಂಜೆಕ್ಟರನ್ನು ಮಾತ್ರ ಚೆನ್ನಾಗಿ ತೊಳೆಯಿರಿ, ಮೊದಲು ನೀರು, ಆಮೇಲೆ 70% ಎಥನಾಲ್, ಮತ್ತೆ ನೀರು. ಎರಡನೇ ದ್ರಾವಣದಲ್ಲಿ ಹುಳದ ಬೆಳಕು ಆರಿಸುವ ಪದಾರ್ಥ ಇದೆ, ಅದು ಪ್ಲಾಸ್ಟಿಕ್ ಕೊಳವೆಗೆ ಅಂಟಿಕೊಳ್ಳುತ್ತದೆ. ಹಿಂದಿನವರು ತೊಳೆಯದೆ ಹೋಗಿದ್ದರೆ ನಿಮ್ಮ ಮಿಣುಕುಹುಳ ಹುಟ್ಟುವ ಮೊದಲೇ ಸತ್ತಿರುತ್ತದೆ. ನಮ್ಮಲ್ಲಿ ಆ ಯಂತ್ರವನ್ನು ಮೂರು ಲ್ಯಾಬಿನವರು ಹಂಚಿಕೊಂಡಿದ್ದೇವೆ, ಲಾಗ್‌ಬುಕ್ಕಿನಲ್ಲಿ 'ತೊಳೆದಿದ್ದೇನೆ' ಎಂಬ ಕಾಲಂ ಶುರು ಮಾಡಿದ್ದು ನಾನೇ. ಅದಕ್ಕಾಗಿ ಒಬ್ಬರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಇನ್ನು ಆ ಕಳೆದ ಒಂದು ಅಂಕದ ಕಥೆ.

ನನ್ನ ಪ್ರಯೋಗ ಸರಳ. ನಾಲ್ಕು ಗುಂಪು: ಖಾಲಿ ಪ್ಲಾಸ್ಮಿಡ್, ಸಿ-ಜುನ್, ಸಿ-ಫಾಸ್, ಎರಡೂ ಸೇರಿ. ನಾಲ್ಕಕ್ಕೂ ಜಿಜೆಎ1 ಪ್ರಮೋಟರ್ ಹೊತ್ತ ಹುಳದ ಪ್ಲಾಸ್ಮಿಡ್, ನಾಲ್ಕಕ್ಕೂ ಅಷ್ಟೇ ರೆನಿಲ್ಲಾ ಪ್ಲಾಸ್ಮಿಡ್. ಫ್ರೀಜರಿನಲ್ಲಿ ಹಿಂದಿನವರು ಬಿಟ್ಟುಹೋದ ರೆನಿಲ್ಲಾ ಪ್ಲಾಸ್ಮಿಡ್ ಒಂದು ಬಾಕ್ಸ್ ತುಂಬ ಇತ್ತು, ಎಸ್‌ವಿ40 ಪ್ರಮೋಟರಿನದು. ಭರ್ಜರಿ ಬೆಳಕು ಕೊಡುತ್ತದೆ, ಎಲ್ಲರೂ ಬಳಸುತ್ತಿದ್ದರು, ನಾನೂ ಬಳಸಿದೆ. ಉತ್ತರ ಬಂತು: ಸಿ-ಜುನ್ ಹಾಕಿದರೂ ಇಲ್ಲ, ಸಿ-ಫಾಸ್ ಸೇರಿಸಿದರೂ ಇಲ್ಲ. ಗ್ರಾಫಿನಲ್ಲಿ ನಾಲ್ಕು ಕಂಬ, ನಾಲ್ಕೂ ಒಂದೇ ಎತ್ತರ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ.

ಮೇಡಂ, "ಜುನ್ ಪ್ಲಾಸ್ಮಿಡ್ ಸರಿ ಇದೆಯಾ ನೋಡು" ಅಂದರು. ಸೀಕ್ವೆನ್ಸಿಂಗಿಗೆ ಕಳಿಸಿದೆ, ಸರಿ ಇತ್ತು. ಪ್ರೋಟೀನು ತಯಾರಾಗುತ್ತಿದೆಯಾ ಎಂದು ವೆಸ್ಟರ್ನ್ ಬ್ಲಾಟ್ ಮಾಡಿದೆ, ದಪ್ಪ ಬ್ಯಾಂಡು. ಸೀರಮ್ ಮೇಲೆ ಅನುಮಾನ ಬಂತು. ಅದು ಪೂರ್ತಿ ಸುಳ್ಳು ಅನುಮಾನವೂ ಅಲ್ಲ: ಹೊಸ ಸೀರಮ್ ಕೊಟ್ಟರೆ ಕೋಶದ ಸ್ವಂತ ಸಿ-ಫಾಸ್ ನಿಮಿಷಗಳಲ್ಲಿ ಎದ್ದುಬಿಡುತ್ತದೆ, ಅರ್ಧ ಗಂಟೆಗೆ ತುದಿ ಮುಟ್ಟಿ ಇಳಿಯುತ್ತದೆ. ಹಾಗಾಗಿ ಮೀಡಿಯಂ ಬದಲಿಸುವ ಹೊತ್ತನ್ನು ಗಡಿಯಾರ ನೋಡಿ ಒಂದೇ ಮಾಡಿದೆ, ಅದು ಒಳ್ಳೆಯ ಅಭ್ಯಾಸ, ಇವತ್ತಿಗೂ ಬಿಟ್ಟಿಲ್ಲ. ಕಂಬಗಳು ಮಾತ್ರ ಅಲುಗಲಿಲ್ಲ. ನಾಲ್ಕು ತಿಂಗಳು. ಒಂದೂವರೆ ಡಬ್ಬ ಕಿಟ್. ಕೆನಡಾದವರ ಇಲಿಯೇ ಬೇರೆ, ನಮ್ಮ ಇಲಿಯೇ ಬೇರೆ ಎನ್ನುವಷ್ಟು ತಲೆ ಕೆಟ್ಟಿತ್ತು. ಎರಡೂ ಒಂದೇ ಸೆಲ್ ಲೈನ್ ಎನ್ನುವುದು ಗೊತ್ತಿದ್ದೂ.

ಕೊನೆಗೆ ಹಿಡಿದದ್ದು ಪಕ್ಕದ ಬೆಂಚಿನ ಸೀನಿಯರ್ ಅಕ್ಕ, ಅದೂ ಕಾಫಿ ಕುಡಿಯುತ್ತಾ, ನನ್ನ ಲ್ಯಾಪ್‌ಟಾಪಿನ ಮೇಲೆ ಬಗ್ಗಿ. ಅವರು ಗ್ರಾಫ್ ನೋಡಲೇ ಇಲ್ಲ. "ರಾ ಶೀಟ್ ತೆಗಿ" ಅಂದರು, ಅಂದರೆ ಯಂತ್ರ ಬರೆದ ಮೂಲ ಅಂಕಿಗಳದ್ದು. ತೆಗೆದೆ. ಬೆರಳು ಎರಡನೇ ಕಾಲಂ ಮೇಲಿಟ್ಟು, "ಈ ರೆನಿಲ್ಲಾ ಯಾಕೆ ಏರ್ತಿದೆ?" ಅಂದರು.

ನಾನು ನಾಲ್ಕು ತಿಂಗಳಿಂದ ಆ ಕಾಲಂ ನೋಡಿರಲಿಲ್ಲ. ಯಂತ್ರದ ಸಾಫ್ಟ್‌ವೇರೇ ಭಾಗಾಕಾರ ಮಾಡಿ ಕೊಡುತ್ತದೆ, ನಾನು ಅನುಪಾತವನ್ನಷ್ಟೇ ಎತ್ತಿಕೊಂಡು ಗ್ರಾಫ್ ಹಾಕುತ್ತಿದ್ದೆ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಜುನ್ ಹಾಕಿದಾಗ ಹುಳದ ಬೆಳಕು 1000ದಿಂದ 4000ಕ್ಕೆ ಏರಿತು, ರೆನಿಲ್ಲಾ 500ರಿಂದ 2000ಕ್ಕೆ ಏರಿತು. ಭಾಗಿಸಿದರೆ ಮೊದಲೂ ಎರಡು, ಆಮೇಲೂ ಎರಡು. ಸಿ-ಜುನ್ ಕೆಲಸ ಮಾಡಿದೆ, ಬಟ್ಟಿನ ಮೇಲೂ ಮಾಡಿದೆ! ತಕ್ಕಡಿಯಲ್ಲಿ ಅಕ್ಕಿಯ ಜೊತೆಗೆ ಬಟ್ಟೂ ಭಾರವಾದರೆ ಮುಳ್ಳು ಅಲುಗುವುದಾದರೂ ಹೇಗೆ?

ಯಾಕೆ ಹಾಗಾಯಿತು ಎನ್ನುವುದು ಗೊತ್ತಾದಾಗ ನಗು ಬಂತು, ಸ್ವಲ್ಪ ಅಳುವೂ. ಎಸ್‌ವಿ40 ಒಂದು ಮಂಗನ ವೈರಸ್ಸು. ಅದರ ಎನ್‌ಹ್ಯಾನ್ಸರ್ ಎಂಬ, ಜೀನಿನ ಓದನ್ನು ಜೋರು ಮಾಡುವ ಡಿಎನ್‌ಎ ತುಂಡನ್ನು ಪ್ಲಾಸ್ಮಿಡ್ಡಿಗೆ ಹಾಕಿರುವುದು ಜೋರು ಬೆಳಕು ಬರಲಿ ಎಂದು. ಆ ಎನ್‌ಹ್ಯಾನ್ಸರಿನಲ್ಲೇ ಎಪಿ-1 ಕೂರುವ ಜಾಗಗಳಿವೆ. ಅಷ್ಟೇ ಅಲ್ಲ, ಎಪಿ-1 ಎಂಬ ಪ್ರೋಟೀನನ್ನು 1987ರಲ್ಲಿ ಕಂಡುಹಿಡಿದದ್ದೇ ಇದೇ ಎಸ್‌ವಿ40 ಎನ್‌ಹ್ಯಾನ್ಸರಿಗೂ ಮನುಷ್ಯನ ಮೆಟಾಲೋಥಯೋನಿನ್ ಜೀನಿನ ಪ್ರಮೋಟರಿಗೂ ಅದು ಅಂಟುವುದನ್ನು ನೋಡಿ. ಅಂದರೆ ನಾನು ಎಪಿ-1 ಅಳೆಯಲು ಎಪಿ-1ರ ತವರುಮನೆಯನ್ನೇ ಬಟ್ಟಾಗಿ ಇಟ್ಟುಕೊಂಡಿದ್ದೆ. ಪಠ್ಯದಲ್ಲಿ ಓದಿದ್ದೆ, ವೈವಾದಲ್ಲಿ ಉತ್ತರವನ್ನೂ ಹೇಳಿದ್ದೆ. ಫ್ರೀಜರ್ ಬಾಗಿಲು ತೆಗೆಯುವಾಗ ನೆನಪಾಗಲಿಲ್ಲ.

ಕಿಟ್ಟಿನ ಮ್ಯಾನುಯಲ್ಲಿನಲ್ಲಿ ಇದರ ಬಗ್ಗೆ ಸೂಚನೆ ಇದೆ, ಇಲ್ಲ ಎನ್ನುವಂತಿಲ್ಲ. ಹಿಂಭಾಗದಲ್ಲಿ, ಸಣ್ಣಕ್ಷರದ ಪ್ಯಾರಾದ ನಡುವೆ, ಕಂಟ್ರೋಲ್ ಪ್ಲಾಸ್ಮಿಡ್ ಆರಿಸುವಾಗ ಗಮನವಿರಲಿ ಎಂದು. ಮುಂಭಾಗದಲ್ಲಿ ಬಣ್ಣದ ಚಿತ್ರಗಳೊಂದಿಗೆ ಇರುವುದು ಮಾತ್ರ ಎರಡು ಬೆಳಕು ಇದ್ದರೆ ಎಲ್ಲ ಏರುಪೇರು ಸರಿಹೋಗುತ್ತದೆ ಎಂಬ ಭರವಸೆ. ಅದಕ್ಕೇ ಆ ಒಂದು ಅಂಕ. ಆದರೂ ರಾ ಶೀಟ್ ತೆರೆಯದೆ ಕೂತವಳು ನಾನು, ಅಕ್ಕನ ಪ್ರಕಾರ ಆ ಅಂಕ ನನ್ನಿಂದಲೇ ಕಳೆಯಬೇಕು.

ಸರಿ ಮಾಡಿಕೊಂಡದ್ದು ಹೀಗೆ. ಎಸ್‌ವಿ40 ರೆನಿಲ್ಲಾ ಬಿಟ್ಟೆ. ದುರ್ಬಲ ಬೆಳಕಿನ, ಸ್ವಂತ ಪ್ರಮೋಟರ್ ಇಲ್ಲದ ರೆನಿಲ್ಲಾ ಒಂದನ್ನು ತಂದು, ಮೊದಲು ಅದೊಂದನ್ನೇ ಸಿ-ಜುನ್ ಜೊತೆ ಹಾಕಿ ಅಲುಗುತ್ತದಾ ನೋಡಿದೆ. ಹುಳದ ಪ್ಲಾಸ್ಮಿಡ್ಡಿನ ಖಾಲಿ ರೂಪವನ್ನೂ, ಅಂದರೆ ಜಿಜೆಎ1 ತುಂಡು ಇಲ್ಲದ್ದನ್ನೂ, ಜುನ್ ಜೊತೆ ಓದಿದೆ. ಪ್ಲಾಸ್ಮಿಡ್ಡಿನ ಬೆನ್ನೆಲುಬಿನಲ್ಲೂ ಎಪಿ-1 ಕೂರಬಲ್ಲ ಅಕ್ಷರಗಳು ಅಲ್ಲಲ್ಲಿ ಅಡಗಿರುತ್ತವೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದರ ಜೊತೆಗೆ ಅದೇ ಲೈಸೇಟಿನಲ್ಲಿ, ಅಂದರೆ ಒಡೆದ ಕೋಶಗಳ ದ್ರಾವಣದಲ್ಲಿ, ಪ್ರೋಟೀನ್ ಎಷ್ಟಿದೆ ಎಂದು ಅಳೆದು ಅದರಿಂದಲೂ ಭಾಗಿಸಿ ನೋಡಿದೆ. ಎರಡು ದಾರಿಯಲ್ಲೂ ಒಂದೇ ಊರು ಸಿಕ್ಕಿತು: ಟಿಎಂ3ರಲ್ಲಿ ಸಿ-ಜುನ್ ಒಂಟಿಯಾಗಿಯೇ ಪ್ರಮೋಟರನ್ನು ಏರಿಸಿತು, ಸಿ-ಫಾಸ್ ಜೊತೆಗೂಡಿದಾಗ ಇನ್ನೂ ಏರಿಸಿತು. ಆಮೇಲೆ ಆ ಏಳಕ್ಷರದಲ್ಲಿ ಎರಡನ್ನು ಬದಲಿಸಿದ ಪ್ರಮೋಟರ್ ಹಾಕಿದಾಗ ಕಂಬ ಕುಸಿಯಿತು. ಅವತ್ತು ರಾತ್ರಿ ಅಗ್ರಹಾರದ ಸರ್ಕಲ್ಲಿನಲ್ಲಿ ಅಕ್ಕನಿಗೆ ಮಸಾಲೆ ದೋಸೆ ಕೊಡಿಸಿದೆ, ಎರಡು.

ಇಷ್ಟು ಹೊಗಳಿದ ಮೇಲೆ ಕಿಟ್ ಏನನ್ನು ಹೇಳುವುದಿಲ್ಲ ಎನ್ನುವುದನ್ನೂ ಬರೆಯಬೇಕು, ಯಾಕೆಂದರೆ ನಮ್ಮ ಜರ್ನಲ್ ಕ್ಲಬ್ಬಿನಲ್ಲಿ ಇದರ ಗ್ರಾಫ್ ಒಂದನ್ನೇ ಹಿಡಿದು 'ಈ ಫ್ಯಾಕ್ಟರ್ ಈ ಜೀನನ್ನು ನಡೆಸುತ್ತದೆ' ಎನ್ನುವವರಿದ್ದಾರೆ. ಪ್ಲಾಸ್ಮಿಡ್ಡಿನಲ್ಲಿರುವುದು ಬರಿಯ ಡಿಎನ್‌ಎ ತುಂಡು, ಕ್ರೋಮೋಸೋಮಿನಲ್ಲಿ ಸುತ್ತಿ ಮಡಚಿ ಇಟ್ಟ ಜೀನಲ್ಲ. ನಾವು ತುಂಬಿಸುವ ಸಿ-ಜುನ್ ಕೂಡ ಕೋಶ ಕನಸಿನಲ್ಲೂ ಕಾಣದಷ್ಟು. ಹಾಗಾಗಿ ಕೋಶದ ಸ್ವಂತ ಜುನ್ ಅನ್ನು ಸೈಆರ್‌ಎನ್‌ಎ (ಒಂದು ಜೀನಿನ ಬಾಯಿ ಮುಚ್ಚಿಸುವ ಪುಟ್ಟ ಆರ್‌ಎನ್‌ಎ) ಹಾಕಿ ಇಳಿಸಿದಾಗ ಸ್ವಂತ ಜಿಜೆಎ1 ಇಳಿಯುತ್ತದಾ, ಚಿಪ್ (ಯಾವ ಪ್ರೋಟೀನು ಡಿಎನ್‌ಎಯ ಎಲ್ಲಿ ಕೂತಿದೆ ಎಂದು ಹುಡುಕುವ ಪರೀಕ್ಷೆ) ಮಾಡಿದರೆ ಜುನ್ ನಿಜವಾಗಿ ಆ ಪ್ರಮೋಟರಿನ ಮೇಲೆ ಕೂತಿದೆಯಾ, ಇವೆರಡು ಬೇರೆ ಕೆಲಸ, ಬೇರೆ ಖರ್ಚು.

ಇನ್ನೂ ದೊಡ್ಡ ಕುರುಡುತನ ಒಂದಿದೆ. ಜೀನು ಓದಿಸಿಕೊಂಡ ಮಾತ್ರಕ್ಕೆ ಕಿಂಡಿ ತೆರೆದಿದೆ ಎಂದಲ್ಲ. ಅಂಡಾಶಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿ ಅಂಡಾಣು ಮತ್ತು ಅದನ್ನು ಸುತ್ತುವರಿದ ಗ್ರ್ಯಾನ್ಯುಲೋಸಾ ಕೋಶಗಳ ನಡುವೆ ಕನೆಕ್ಸಿನ್ 37ರ ಕಿಂಡಿ, ಗ್ರ್ಯಾನ್ಯುಲೋಸಾ ಕೋಶಗಳು ತಮ್ಮತಮ್ಮಲ್ಲಿ ಮಾತಾಡಲು ಕನೆಕ್ಸಿನ್ 43. ಕನೆಕ್ಸಿನ್ 37 ಇಲ್ಲದ ಹೆಣ್ಣಿಲಿಗಳಿಗೆ ಮರಿಯಾಗುವುದಿಲ್ಲ ಎಂದು 1997ರಲ್ಲೇ ಗೊತ್ತಾಗಿದೆ. ಈ ಕಿಂಡಿಗಳ ಮೂಲಕ ಗ್ರ್ಯಾನ್ಯುಲೋಸಾದಿಂದ ಸೈಕ್ಲಿಕ್ ಜಿಎಂಪಿ ಎಂಬ ಸಣ್ಣ ಅಣು ಅಂಡಾಣುವಿಗೆ ಹರಿದು ಬರುತ್ತಾ ಅದನ್ನು ನಿದ್ದೆಯಲ್ಲಿಡುತ್ತದೆ. ಅಂಡಾಣು ಬಿಡುಗಡೆಗೆ ಸೂಚನೆ ಕೊಡುವ ಎಲ್‌ಎಚ್ ಹಾರ್ಮೋನ್ ಉಕ್ಕಿದಾಗ ಕನೆಕ್ಸಿನ್ 43ಕ್ಕೆ ಫಾಸ್ಫೇಟ್ ಅಂಟಿ ಕಿಂಡಿ ಮುಚ್ಚುತ್ತದೆ, ಜೀನಿನ ಕಡೆಗೆ ತಿರುಗಿಯೂ ನೋಡದೆ. ಅದನ್ನು ಈ ಕಿಟ್ಟಿನಲ್ಲಿ ಹುಡುಕಿದರೆ ಸಿಗುವುದು ಸೊನ್ನೆ. ಕಿಂಡಿ ತೆರೆದಿದೆಯೋ ಇಲ್ಲವೋ ತಿಳಿಯಲು ಒಂದು ಕೋಶಕ್ಕೆ ಬಣ್ಣ ಹಾಕಿ ಪಕ್ಕದ್ದಕ್ಕೆ ದಾಟಿತೇ ಎಂದು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಅದು ಅಗ್ಗ, ಕಣ್ಣಿಗೆ ಚೆಂದ. ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ಕೊನೆಗೂ ತೋರಿಸಿದ್ದು ಅದನ್ನೇ.

ಯಾರು ಕೊಳ್ಳಬಹುದು? ಪ್ರಮೋಟರ್ ತುಂಡುಗಳನ್ನು ಒಂದಕ್ಕೊಂದು ಹೋಲಿಸಬೇಕಾದವರು, ಒಂದೆರಡು ಅಕ್ಷರ ಬದಲಿಸಿ ನೋಡಬೇಕಾದವರು ಕಣ್ಣು ಮುಚ್ಚಿ ಕೊಳ್ಳಿ. ಅಂಥ ಕೆಲಸಕ್ಕೆ ಇದರಷ್ಟು ಸೂಕ್ಷ್ಮವಾದದ್ದು, ಬೇಗ ಮುಗಿಯುವುದು ನಾನು ಬೇರೆ ನೋಡಿಲ್ಲ. ಜೀನು ಏರಿತಾ ಇಳಿಯಿತಾ ಎಂದಷ್ಟೇ ಬೇಕಾದವರಿಗೆ ಜೀನಿನ ಆರ್‌ಎನ್‌ಎ ಎಷ್ಟಿದೆ ಎಂದು ನೇರ ಅಳೆಯುವ ಕ್ಯೂಪಿಸಿಆರ್ ಸಾಕು, ದುಡ್ಡು ಉಳಿಸಿ. ಹುಳದ ಬೆಳಕೊಂದನ್ನೇ ಓದುವ ಸಿಂಗಲ್ ಕಿಟ್ ಅಗ್ಗಕ್ಕೆ ಸಿಗುತ್ತದೆ, ಪ್ರೋಟೀನ್ ಅಳತೆ ಜೊತೆಗಿಟ್ಟುಕೊಂಡರೆ ಶುರುವಿನ ಪ್ರಯೋಗಗಳಿಗೆ ಅದೇ ಸಾಕಾಗುತ್ತದೆ. ನನ್ನ ಹಾಗೆ ಜುನ್, ಫಾಸ್ ಜೊತೆ ಏಗುವವರಂತೂ ಮೊದಲ ತಿಂಗಳು ಸಿಂಗಲ್ಲಿನಲ್ಲೇ ಕಳೆದರೆ ನಷ್ಟವಿಲ್ಲ. ಆರ್ಡರ್ ಹಾಕುವಾಗ ಇಂಡೆಂಟಿನ ಕೆಳಗೆ 'ಸೋಮವಾರದಿಂದ ಬುಧವಾರದೊಳಗೆ ಮಾತ್ರ ಡೆಲಿವರಿ' ಎಂದು ಕೈಯಲ್ಲಿ ಬರೆದು, ಪರ್ಚೇಸ್ ಸೆಕ್ಷನ್ನಿನವರ ಹತ್ತಿರ ಅದಕ್ಕೊಂದು ಸೀಲು ಹಾಕಿಸಿ. ಸೀಲು ಇಲ್ಲದ ಮಾತನ್ನು ಡಿಸ್ಟ್ರಿಬ್ಯೂಟರ್ ಓದುವುದಿಲ್ಲ.

ಎಸ್‌ವಿ40 ರೆನಿಲ್ಲಾದ ಆ ಬಾಕ್ಸ್ ಇನ್ನೂ ಫ್ರೀಜರಿನಲ್ಲೇ ಇದೆ, ಎಸೆದಿಲ್ಲ. ಬೇರೆ ಪ್ರಯೋಗಕ್ಕೆ ಅದು ಒಳ್ಳೆಯದೇ. ಮುಚ್ಚಳದ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬರೆದಿದ್ದೇನೆ: 'ಜುನ್, ಫಾಸ್ ಕೆಲಸದವರು ಮುಟ್ಟಬೇಡಿ'. ಹೊಸದಾಗಿ ಸೇರಿದ ಜೂನಿಯರ್ ಹುಡುಗ ಮೊನ್ನೆ ಅದನ್ನು ಓದಿ, "ಜೂನ್ ತಿಂಗಳಲ್ಲಿ ಯಾಕಕ್ಕಾ ಮುಟ್ಟಬಾರದು?" ಎಂದು ಕೇಳಿದ.